ಹತ್ತು ಸೀಸೆ ಮದ್ದಿನ ದಾರಿ

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನು ಕೇಳದ ಮಾಂಸಾಹಾರಿಗಳು ಹಳೆಯ ಮೈಸೂರು ಸೀಮೆಯಲ್ಲಿ ವಿರಳ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದಂಥ ಆಕಾರ: ಈ ಊರಿನ ಕುರಿಯನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ಬಂಡೂರು ಕುರಿ, ಬನ್ನೂರು ಕುರಿ, ಮಂಡ್ಯದ ಕುರಿ ಎಂದು ಮೂರು ಹೆಸರುಗಳಿದ್ದರೂ ತಳಿ ಒಂದೇ. ಈ ತಳಿಯ ರಕ್ಷಣೆಗಾಗಿ ಸರ್ಕಾರವು ಇದೇ ತಾಲ್ಲೂಕಿನ ಧನಗೂರಿನಲ್ಲಿ ಒಂದು ಸಂವರ್ಧನ ಕೇಂದ್ರವನ್ನೂ ನಡೆಸುತ್ತಿದೆ. ಕುರಿಯ ಕೀರ್ತಿಯನ್ನು ಹಾಡಲು ಈ ಲೇಖನವನ್ನು ಬರೆಯುತ್ತಿಲ್ಲ. ಆ ಕುರಿಯನ್ನು ಬದುವಿನ ಮೇಲೆ ಮೇಯಿಸುವವನ, ಕಬ್ಬಿನ ಸಾಲಿನೊಳಗೆ ಬಗ್ಗಿ ರವದಿ ಸುಲಿಯುವವಳ, ನಡುರಾತ್ರಿ ಗದ್ದೆಗೆ ನೀರು ಹಾಯಿಸುವವನ ಕಾಲಿಗೆ ಹಾವು ಕಚ್ಚಿದರೆ, ಮದ್ದು ಅವರನ್ನು ತಲಪುವ ಬಗೆ ಹೇಗೆ ಎಂಬುದು ಇಲ್ಲಿಯ ವಿಷಯ.

ಆರೋಗ್ಯ ಇಲಾಖೆಯ ಕಷ್ಟಗಳನ್ನು ಕುರಿತು ಆಡುವ ಮಾತುಗಳು ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆ, ದೊಡ್ಡ ಯಂತ್ರ, ದೊಡ್ಡ ಖರ್ಚುಗಳ ಸುತ್ತಲೇ ಸುಳಿಯುತ್ತವೆ. ಹಾವಿನ ಕಡಿತದಲ್ಲಿ ಇವು ಯಾವುವೂ ಮೊದಲಿಗೆ ಬೇಕಾಗುವುದಿಲ್ಲ. ಮದ್ದು ಯಾವುದೆಂದು ನೂರು ವರ್ಷಕ್ಕೂ ಮೇಲ್ಪಟ್ಟು ತಿಳಿದಿದೆ. ಅದರ ಒಂದು ಸೀಸೆಯ ಬೆಲೆ ಕೆಲವು ನೂರು ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಉಚಿತವಾಗಿ ಕೊಡಬೇಕೆಂಬುದೇ ನಿಯಮ. ಇಷ್ಟಿದ್ದೂ ಜನ ಸಾಯುತ್ತಾರೆ. ಹಾಗಾದರೆ ಅಡ್ಡಿ ಎಲ್ಲಿದೆ?

ರಾತ್ರಿಯ ಪಾಳಿ

ಕಾವೇರಿಯ ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಹಿಂದೆ ಅದಕ್ಕೆ ಇರ್ವಿನ್ ನಾಲೆ ಎಂಬ ಹೆಸರಿತ್ತು, ಮಂಡ್ಯದ ಬಯಲನ್ನೆಲ್ಲ ತಣಿಸಿ ಕಡೆಗೆ ಬರುವುದು ಮಳವಳ್ಳಿ ತಾಲ್ಲೂಕಿಗೆ. ನಾಲೆಯ ಕೊನೆಯ ಭಾಗದ ರೈತನ ಪಾಡನ್ನು ಮಂಡ್ಯದ ವಾಚಕರಿಗೆ ವಿವರಿಸಬೇಕಾಗಿಲ್ಲ. ಮೇಲಿನವರಿಗೆ ಮೊದಲು, ಕೆಳಗಿನವರಿಗೆ ಉಳಿದರೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ತನ್ನ ಸರದಿ ಹಗಲಿಗೆ ಬರುವುದೋ ರಾತ್ರಿಗೆ ಬರುವುದೋ ಎಂದು ಕಾದು ಕುಳಿತು, ಬಂದಾಗ ಗುದ್ದಲಿ ಹಿಡಿದು ಹೊರಡಬೇಕು. ತಪ್ಪಿದರೆ ಮತ್ತೆ ಎಷ್ಟು ದಿನವೋ. ಕೊಳವೆಬಾವಿಯನ್ನು ನಂಬಿದವನ ಪಾಡೂ ಬೇರೆಯಲ್ಲ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ಮೂರು ಫೇಸಿನ ವಿದ್ಯುತ್ತು ಎಂಬುದು ರಾಜ್ಯದ ನೀತಿ. ಆ ಏಳು ಗಂಟೆಗಳಲ್ಲಿ ಒಂದು ಪಾಲು ಎಷ್ಟೋ ಕಡೆ ರಾತ್ರಿಯ ಪಾಳಿಯಲ್ಲಿ ಬರುತ್ತದೆ.

ಇತ್ತ ಭತ್ತದ ಗದ್ದೆ, ಕಬ್ಬಿನ ತೋಟಗಳೆಂದರೆ ಇಲಿಗಳಿಗೆ ಅನ್ನಸತ್ರ. ಇಲಿಯಿದ್ದಲ್ಲಿಗೆ ಹಾವು ಬರುತ್ತದೆ. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿ ಅದು ಬದುವಿಗೆ ಏರುತ್ತದೆ. ಮನುಷ್ಯ ನಡೆಯುವುದೂ ಅದೇ ಬದುವಿನ ಮೇಲೆ. ಭಾರತದಲ್ಲಿ ಹಾವಿನ ಕಡಿತದಿಂದ ಆಗುವ ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸಂಭವಿಸುತ್ತವೆ. ಗದ್ದೆಗೆ ಹೋಗುವವರು ಗಂಬೂಟು ಧರಿಸಬೇಕೆಂದು ಪಟ್ಟಣದಿಂದ ಬಂದವರು ಉಪದೇಶ ಮಾಡುವುದುಂಟು. ಒಣ ಬದುವಿನ ಮೇಲೆ ಅದು ಒಳ್ಳೆಯ ಮಾತೇ ಸರಿ. ಕೆಸರು ಗದ್ದೆಯೊಳಗೆ ಬೂಟು ಹೂತು ಕಾಲು ಮಾತ್ರ ಮೇಲಕ್ಕೆ ಬರುತ್ತದೆಂಬುದನ್ನು ಉಪದೇಶಕರು ಒಮ್ಮೆ ಇಳಿದು ನೋಡಬೇಕು. ಟಾರ್ಚು ಮತ್ತು ಒಂದು ಕೋಲು, ಇವೆರಡನ್ನು ಮಾತ್ರ ಯಾವ ಕಾರಣಕ್ಕೂ ಮನೆಯಲ್ಲಿ ಬಿಟ್ಟು ಹೋಗಬಾರದು.

ಪ್ರಾಣಕ್ಕೆ ಎರವಾಗುವ ಹಾವುಗಳಲ್ಲಿ ನಾಲ್ಕು ಮುಖ್ಯ. ನಾಗರಹಾವನ್ನು ಎಲ್ಲರೂ ಬಲ್ಲರು. ಕೊಳಕುಮಂಡಲ ಗದ್ದೆ ತೋಟಗಳ ಹಾವು. ಕುಕ್ಕರಿನ ಸದ್ದಿನಂತೆ ಬುಸುಗುಟ್ಟಿದರೂ ತರಗಿನ ನಡುವೆ ಕಣ್ಣಿಗೆ ಕಾಣದು. ಅದು ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣವನ್ನು ಕಳೆದುಕೊಳ್ಳುತ್ತದೆ, ಮೂತ್ರಪಿಂಡ ಕೆಡುತ್ತದೆ. ಗರಗಸಮಂಡಲ ಒಣನೆಲದ್ದು. ಇವೆಲ್ಲಕ್ಕಿಂತ ಮೋಸಗಾರನೆಂದರೆ ಕಟ್ಟುಹಾವು. ಇರುಳಿನಲ್ಲಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣಿಸುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಬಳಿಕ ಉಸಿರೇ ನಿಲ್ಲುತ್ತದೆ. ಹೊಟ್ಟೆನೋವಿಗೆ ಓಮದ ಕಷಾಯ ಕುಡಿಸಿ ಕಾದ ಮನೆಯವರನ್ನು ದೂರುವುದಾದರೂ ಹೇಗೆ?

ಮಂತ್ರವೇಕೆ ಫಲಿಸುತ್ತದೆ

ಹಾವು ಕಚ್ಚಿದವರನ್ನು ಮೊದಲು ವಿಷ ಇಳಿಸುವವರ ಬಳಿಗೆ ಕರೆದೊಯ್ಯುವ ರೂಢಿ ಇನ್ನೂ ನಿಂತಿಲ್ಲ. ಇದನ್ನು ಮೌಢ್ಯವೆಂದು ಜರೆದು ಮುಂದೆ ಹೋಗುವುದು ಸುಲಭ. ಆದರೆ ಅದರ ಹಿಂದೆ ಒಂದು ಲೆಕ್ಕವಿದೆ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ಕೇರೆ, ನೀರುಹಾವುಗಳಂಥ ವಿಷವಿಲ್ಲದವು. ವಿಷದ ಹಾವೂ ಕೆಲವು ಬಾರಿ ವಿಷವನ್ನು ಇಳಿಸದೆ ಬರಿಯ ಹಲ್ಲೂರಿ ಹೋಗುತ್ತದೆ. ಹೀಗೆ ಮಂತ್ರ ಹಾಕಿಸಿಕೊಂಡವರಲ್ಲಿ ಬಹುಮಂದಿ ಎದ್ದು ನಡೆದು ಮನೆಗೆ ಬರುತ್ತಾರೆ. ಅವರು ಮಂತ್ರವಿಲ್ಲದೆಯೂ ಬರುತ್ತಿದ್ದರು. ಬದುಕಿದವರು ಊರೂರು ಹೇಳುತ್ತಾರೆ, ಸತ್ತವರು ಹೇಳುವುದಿಲ್ಲ. ಆಸ್ಪತ್ರೆಯ ಪಾಡು ಇದಕ್ಕೆ ತಿರುಗುಮುರುಗು. ಮಂತ್ರಕ್ಕೆ ಬಗ್ಗದೆ ಕಡೆಗೆ ಬಂದವರು ಅಲ್ಲಿ ಸಾಯುತ್ತಾರೆ, ಅಪಕೀರ್ತಿ ಆಸ್ಪತ್ರೆಗೆ ಬರುತ್ತದೆ.

ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಬಿಗಿದರೆ ಕೆಳಗಿನ ಭಾಗಕ್ಕೆ ರಕ್ತ ಹೋಗದೆ ಕೊಳೆಯುವ ಭಯವಿದೆ. ಬಿಚ್ಚಿದ ಕ್ಷಣದಲ್ಲಿ ವಿಷ ಒಮ್ಮೆಲೆ ಏರುವ ಭಯವೂ ಇದೆ. ಬಳೆ, ಉಂಗುರ, ಕಾಲುಂಗುರಗಳನ್ನು ಊತ ಏರುವ ಮುನ್ನ ತೆಗೆದು, ಮುರಿದ ಕಾಲಿಗೆ ಹಲಗೆ ಕಟ್ಟುವಂತೆ ಸಡಿಲವಾಗಿ ಕಟ್ಟಿ, ನಡೆಸದೆ ಸಾಗಿಸಬೇಕು. ಕಚ್ಚಿದ ಹೊತ್ತನ್ನು ನೆನಪಿಟ್ಟುಕೊಳ್ಳಬೇಕು. ಹಾವನ್ನು ಹುಡುಕಿ ಕೊಂದು ತರುವ ಸಾಹಸ ಬೇಡ. ನಮ್ಮ ದೇಶದ ಮದ್ದು ಆ ನಾಲ್ಕು ಹಾವುಗಳಿಗೂ ಸೇರಿಯೇ ತಯಾರಾದದ್ದು.

ಆ ಮದ್ದಿನ ಹುಟ್ಟು ಕುತೂಹಲಕರ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ಅದರ ಹಾದಿಯನ್ನು ತೋರಿದನು. ಹಾವಿನ ವಿಷವನ್ನು ಅಲ್ಪಾಲ್ಪವಾಗಿ ಕುದುರೆಗೆ ಚುಚ್ಚುತ್ತ ಬಂದರೆ ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಆ ರಕ್ತದಿಂದ ತೆಗೆದ ಸಾರವೇ ಪ್ರತಿವಿಷ. ಕುದುರೆಯೇ ಆಗಬೇಕೆಂದಿಲ್ಲ. ಬಾಲದಲ್ಲಿ ಗಿಲಕಿಯ ಸದ್ದು ಮಾಡುವ ಅಮೆರಿಕದ ಹಾವುಗಳ ಕಡಿತಕ್ಕೆ 2000ದಿಂದ ಅಲ್ಲಿ ಬಳಕೆಗೆ ಬಂದ ಒಂದು ಪ್ರತಿವಿಷವನ್ನು ಕುರಿಯ ರಕ್ತದಿಂದ ತೆಗೆಯುತ್ತಾರೆ. ಕುರಿಗೆ ಹೆಸರಾದ ಊರಿನವರಿಗೆ ಈ ಸಂಗತಿ ರುಚಿಸಬಹುದೆಂದು ಇಲ್ಲಿ ಹೇಳಿದೆ. ನಮ್ಮ ದೇಶದಲ್ಲಿ ಬೇಕಾಗುವ ವಿಷದ ಬಹುಪಾಲನ್ನು 1978ರಲ್ಲಿ ಸ್ಥಾಪಿತವಾದ, ಚೆನ್ನೈ ಬಳಿಯ ಇರುಳ ಜನಾಂಗದ ಹಾವಾಡಿಗರ ಸಹಕಾರ ಸಂಘವು ಒದಗಿಸುತ್ತ ಬಂದಿದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರಾಂತದಿಂದ ಪ್ರಾಂತಕ್ಕೆ ಭಿನ್ನವಾಗಿರುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಈಗಿರುವ ಮದ್ದು ಪರಿಪೂರ್ಣವಾದುದಲ್ಲ. ಆದರೂ ಪ್ರಾಣ ಉಳಿಸುವ ಮದ್ದು ಇದೊಂದೇ.

ಒಂದು ಚೀಟಿಯ ಪಯಣ

ಈಗ ದಾರಿಯನ್ನು ನೋಡೋಣ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ದೇಶದ ಅಳತೆಗೋಲು. ಅದರ ಮೇಲೆ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆ. ಅದಕ್ಕೂ ಮೇಲೆ, ಮಳವಳ್ಳಿಯಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ. ಇನ್ನೊಂದು ದಿಕ್ಕಿಗೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ. 2008ರ ನವೆಂಬರಿನಿಂದ 108ರ ಆಂಬ್ಯುಲೆನ್ಸ್ ಇದೆ. ನಕ್ಷೆಯ ಮೇಲೆ ನೋಡಿದರೆ ಕೊರತೆ ಕಾಣುವುದಿಲ್ಲ. ಊರಿನಿಂದ ಮೇಲಕ್ಕೆ ಮೆಟ್ಟಿಲುಗಳು ಸರಿಯಾಗಿಯೇ ಇವೆ.

ಕೇಂದ್ರ ಆರೋಗ್ಯ ಮಂತ್ರಾಲಯವು 2016ರಲ್ಲಿ ಹೊರಡಿಸಿದ ಚಿಕಿತ್ಸಾ ಸೂತ್ರಗಳು ಸ್ಪಷ್ಟವಾಗಿವೆ. ವಿಷ ಏರಿದ ಲಕ್ಷಣ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮೊದಲ ಪ್ರಮಾಣದ ಪ್ರತಿವಿಷವನ್ನು ಕೊಟ್ಟು, ಆಮೇಲೆ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು. ಆ ಮೊದಲ ಪ್ರಮಾಣವೆಂದರೆ ಸಾಮಾನ್ಯವಾಗಿ ಹತ್ತು ಸೀಸೆ. ದೊಡ್ಡವರಿಗೂ ಹತ್ತೇ, ಮೂರು ವರ್ಷದ ಮಗುವಿಗೂ ಹತ್ತೇ. ಹಾವು ಮಗುವೆಂದು ಕನಿಕರಪಟ್ಟು ಕಡಿಮೆ ವಿಷ ಬಿಡುವುದಿಲ್ಲವಷ್ಟೆ. ರಕ್ತ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯವೂ ಬೇಡ. ಹೊಸದಾದ, ಒಣಗಿದ, ಶುಚಿಯಾದ ಗಾಜಿನ ಟೆಸ್ಟ್ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆದು, ಅಲುಗಿಸದೆ ಇಪ್ಪತ್ತು ನಿಮಿಷ ಇಟ್ಟು, ಒಮ್ಮೆ ಬಾಗಿಸಿ ನೋಡಿದರಾಯಿತು. ರಕ್ತ ಗಟ್ಟಿಯಾಗದೆ ನೀರಾಗಿಯೇ ಹರಿದರೆ ಮಂಡಲದ ಹಾವಿನ ವಿಷ ಏರಿದೆಯೆಂದು ಅರ್ಥ. ವೈದ್ಯಶಾಸ್ತ್ರದಲ್ಲಿ ಇಷ್ಟು ಅಗ್ಗದ, ಇಷ್ಟು ಬೆಲೆಬಾಳುವ ಪರೀಕ್ಷೆ ಇನ್ನೊಂದು ಸಿಗುವುದು ಕಷ್ಟ.

ಆದರೆ ನಡೆಯುವುದು ಬಹುಕಡೆ ಬೇರೆ. ಎಲ್ಲ ಪ್ರಾಥಮಿಕ ಕೇಂದ್ರಗಳಲ್ಲಿ ರಾತ್ರಿ ವೈದ್ಯರಿರುವುದಿಲ್ಲ. ಇದ್ದಲ್ಲಿಯೂ ಇರುವವರು ಒಬ್ಬರು, ಜೊತೆಗೆ ಒಬ್ಬ ದಾದಿ. ಪ್ರತಿವಿಷವು ಕುದುರೆಯ ರಕ್ತದಿಂದ ಬಂದದ್ದಾದ್ದರಿಂದ ಕೆಲವರ ಮೈಗೆ ಒಗ್ಗುವುದಿಲ್ಲ. ಮೈಯೆಲ್ಲ ದದ್ದು, ಉಬ್ಬಸ, ರಕ್ತದ ಒತ್ತಡದ ಕುಸಿತ ಕಾಣಬಹುದು. ಅಡ್ರಿನಲಿನ್ ಚುಚ್ಚುಮದ್ದನ್ನು ಕೈಯಲ್ಲಿ ಹಿಡಿದೇ ನಿಂತಿರಬೇಕು. ಉಸಿರು ನಿಂತರೆ ಗಾಳಿಚೀಲವನ್ನು ಒತ್ತುತ್ತ ಆಂಬ್ಯುಲೆನ್ಸ್ ಬರುವತನಕ ಕೂರಬೇಕು. ಹೊರಗೆ ಐವತ್ತು ಮಂದಿ ನೆಂಟರು ಸೇರಿದ್ದಾರೆ. ರೋಗಿ ಇಲ್ಲಿಯೇ ಕಣ್ಣು ಮುಚ್ಚಿದರೆ ಮುಂದಿನ ಅರ್ಧ ಗಂಟೆಯಲ್ಲಿ ತನ್ನ ಗತಿಯೇನೆಂದು ಆ ತರುಣ ವೈದ್ಯನಿಗೆ ಗೊತ್ತು. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಲ್ಲಿಯೇ ಕಾಯಿದೆಯಾಗಿದೆ. ಕಾಯಿದೆಯ ಪುಸ್ತಕ ಆ ಹೊತ್ತಿನಲ್ಲಿ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಆತನು ಚೀಟಿಯ ಮೇಲೆ ಬರೆಯುತ್ತಾನೆ: ಮೇಲಿನ ಆಸ್ಪತ್ರೆಗೆ ಕಳುಹಿಸಲಾಗಿದೆ.

ಆ ಒಂದು ಚೀಟಿಗೆ ತಗಲುವ ಬೆಲೆ ಒಂದು ಗಂಟೆ. ಮೇಲಿನ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲವೆಂದೋ ಉಸಿರಾಟದ ಯಂತ್ರ ಇಲ್ಲವೆಂದೋ ಮತ್ತೊಂದು ಚೀಟಿ ಬರೆದರೆ ಇನ್ನೊಂದು ಗಂಟೆ. ವಿಷವು ಮೈಯಲ್ಲಿ ತನ್ನ ಕೆಲಸವನ್ನು ಮಾಡಿ ಮುಗಿಸಿದ ಮೇಲೆ ಪ್ರತಿವಿಷದಿಂದ ಆಗುವುದು ಅಷ್ಟಕ್ಕಷ್ಟೆ. ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಅದು ಹಿಡಿಯಬಲ್ಲದು, ಕೆಟ್ಟುಹೋದ ಮೂತ್ರಪಿಂಡವನ್ನು ಅದು ರಿಪೇರಿ ಮಾಡಲಾರದು. ಆಗ ಡಯಾಲಿಸಿಸ್ ಬೇಕು, ವಾರಗಟ್ಟಲೆ ಆಸ್ಪತ್ರೆಯ ವಾಸ ಬೇಕು, ಮನೆಯ ಕುರಿಯೋ ಒಡವೆಯೋ ಮಾರಾಟಕ್ಕೆ ಬರುತ್ತದೆ. ಕೆಲವು ಸಾವಿರ ರೂಪಾಯಿಯ ಹತ್ತು ಸೀಸೆಯಲ್ಲಿ ಮುಗಿಯಬೇಕಾಗಿದ್ದುದು ಒಂದು ಸಂಸಾರದ ಹತ್ತು ವರ್ಷವನ್ನು ನುಂಗುತ್ತದೆ.

ಬಳಸದಿದ್ದರೆ ಬರುವುದಿಲ್ಲ

ವೈದ್ಯರ ಭಯವನ್ನು ಹೇಳಿದ್ದಾಯಿತು. ಅದಕ್ಕಿಂತ ಆಳದಲ್ಲಿರುವ ರೋಗ ಇಲಾಖೆಯ ಲೆಕ್ಕದ ಪುಸ್ತಕದಲ್ಲಿದೆ. ಯಾವ ಕೇಂದ್ರಕ್ಕೆ ಎಷ್ಟು ಮದ್ದು ಎಂಬುದನ್ನು ಹಿಂದಿನ ವರ್ಷದ ಖರ್ಚನ್ನು ನೋಡಿ ನಿರ್ಧರಿಸುವುದು ಸಾಮಾನ್ಯ ಪದ್ಧತಿ. ಜ್ವರದ ಮಾತ್ರೆಗೆ ಈ ಪದ್ಧತಿ ಸರಿಯಾದುದೇ. ಪ್ರತಿವಿಷಕ್ಕೆ ಇದು ಒಂದು ಬಲೆ. ಭಯದಿಂದಲೋ ಅಭ್ಯಾಸವಿಲ್ಲದ್ದರಿಂದಲೋ ಕೇಂದ್ರವು ಬಂದವರನ್ನೆಲ್ಲ ಮೇಲಕ್ಕೆ ಕಳುಹಿಸುತ್ತದೆ. ಕಳುಹಿಸಿದ್ದರಿಂದ ಸೀಸೆ ಖರ್ಚಾಗುವುದಿಲ್ಲ. ಖರ್ಚಾಗದಿದ್ದರೆ ಮುಂದಿನ ಬೇಡಿಕೆಯ ಪಟ್ಟಿಯಲ್ಲಿ ಅಂಕಿ ಇಳಿಯುತ್ತದೆ. ಇಟ್ಟುಕೊಂಡ ಸೀಸೆಗಳ ಅವಧಿ ತೀರಿದರೆ ಅದಕ್ಕೆ ವಿವರಣೆ ಬರೆಯುವ ತಲೆನೋವು ಬೇರೆ. ಹೀಗಾಗಿ ಐದೇ ಸೀಸೆ ಇಟ್ಟುಕೊಂಡರೆ ಸಾಕೆಂಬ ತೀರ್ಮಾನಕ್ಕೆ ಬರುತ್ತಾರೆ. ಹತ್ತು ಬೇಕಾದಲ್ಲಿ ಐದು ಇದ್ದರೆ, ಅದು ಇದ್ದೂ ಇಲ್ಲದಂತೆ. ಮುಂದಿನ ರೋಗಿಯನ್ನೂ ಮೇಲಕ್ಕೆ ಕಳುಹಿಸುತ್ತಾರೆ.

ಇದು ನಾಲೆಯ ಕೊನೆಯ ಭಾಗದ ಕಥೆಯೇ. ನೀರು ಬರುವುದಿಲ್ಲವೆಂದು ಕೊನೆಯವನು ಭತ್ತವನ್ನು ಬಿಟ್ಟು ರಾಗಿ ಹಾಕುತ್ತಾನೆ. ಅಲ್ಲಿ ಭತ್ತವೇ ಇಲ್ಲವಲ್ಲ, ನೀರೇಕೆ ಎಂದು ಕಚೇರಿಯವರು ಕೇಳುತ್ತಾರೆ.

ಪ್ರತಿವಿಷದ ಸಂಗ್ರಹವನ್ನು ಊರಿನ ಅಪಾಯಕ್ಕೆ ಅನುಸಾರವಾಗಿ ಇಡಬೇಕು. ಖರ್ಚಿಗೆ ಅನುಸಾರವಾಗಿ ಇಟ್ಟರೆ ಈ ಸುತ್ತು ಎಂದಿಗೂ ಬಿಡಿಸಿಕೊಳ್ಳದು. ಒಬ್ಬ ರೋಗಿಗೆ ಬೇಕಾದ ಹತ್ತು ಸೀಸೆ, ಆಪತ್ತಿಗೆ ಮತ್ತೆ ಹತ್ತು, ಮಳೆಗಾಲದ ಮುನ್ನ ತಾಲ್ಲೂಕಿನ ಪ್ರತಿ ಕೇಂದ್ರದಲ್ಲಿರಲಿ. ಅವಧಿ ತೀರಲು ಕೆಲವು ತಿಂಗಳಿರುವ ಸೀಸೆಗಳನ್ನು ಹೆಚ್ಚು ಬಳಕೆಯಿರುವ ದೊಡ್ಡ ಆಸ್ಪತ್ರೆಗೆ ಬದಲಾಯಿಸಿಕೊಳ್ಳಲಿ. ಪುಡಿಯ ರೂಪದ ಪ್ರತಿವಿಷಕ್ಕೆ ದ್ರವದಂತೆ ಸದಾ ಶೀತಕಪಾಟಿನ ಆಶ್ರಯ ಬೇಕಾಗಿಲ್ಲವಾದ್ದರಿಂದ, ಕರೆಂಟು ಹೋಯಿತೆಂಬ ನೆವಕ್ಕೂ ಅಲ್ಲಿ ಎಡೆಯಿಲ್ಲ. ಇದಕ್ಕೆ ಬೇಕಾದದ್ದು ಹೊಸ ಕಟ್ಟಡವಲ್ಲ, ಒಂದು ಸುತ್ತೋಲೆ.

ಎಣಿಸಿದವರಿಗೆ ಮಾತ್ರ

ಅಪಾಯಕ್ಕೆ ಅನುಸಾರವಾಗಿ ಎಂದೆವು. ಅಪಾಯವನ್ನು ಅಳೆಯುವುದು ಹೇಗೆ? 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ಮನೆಮನೆಗೆ ಹೋಗಿ, ಸಾವು ಹೇಗಾಯಿತೆಂದು ಕೇಳಿ ಕಟ್ಟಿದ ಲೆಕ್ಕವಿದು. ಆಸ್ಪತ್ರೆಗಳ ದಾಖಲೆಯಲ್ಲಿ ಸಿಕ್ಕದ್ದು ಇದರ ಒಂದು ಸಣ್ಣ ಅಂಶ ಮಾತ್ರ. ಉಳಿದವರೆಲ್ಲ ಎಲ್ಲಿ ಹೋದರು? ಬಹುಮಂದಿ ಮನೆಯಲ್ಲಿಯೇ, ಇಲ್ಲವೆ ದಾರಿಯಲ್ಲಿಯೇ ತೀರಿಕೊಂಡರು. ಮರುದಿನ ಮಣ್ಣಾದರು.

ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ದೇಶದಲ್ಲಿ ಇಂಥ ಹೆಜ್ಜೆಯನ್ನಿಟ್ಟ ಮೊದಲ ರಾಜ್ಯ ಇದೇ. ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ನರ್ಸಿಂಗ್ ಹೋಮಿರಲಿ, ಬಂದ ಪ್ರತಿಯೊಂದು ಪ್ರಕರಣವನ್ನೂ ಪ್ರತಿಯೊಂದು ಸಾವನ್ನೂ ತಿಳಿಸಬೇಕು. ಮರುತಿಂಗಳಲ್ಲಿಯೇ ಕೇಂದ್ರ ಸರ್ಕಾರವು 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು. ಇದು ನಿಜವಾಗಿಯೂ ಸ್ತುತ್ಯರ್ಹವಾದ ಕಾರ್ಯ. ಆದರೆ ಆಸ್ಪತ್ರೆಯ ಬಾಗಿಲನ್ನು ತುಳಿಯದೆ ಸತ್ತವರು ಈ ಎಣಿಕೆಗೂ ಸಿಗುವುದಿಲ್ಲ. ಅವರನ್ನು ಬಲ್ಲವರು ಊರಿನ ಆಶಾ ಕಾರ್ಯಕರ್ತೆಯೊಬ್ಬರೇ. ಸುಮಾರು ಸಾವಿರ ಜನಕ್ಕೆ ಒಬ್ಬರಂತೆ ಇರುವ ಈ ಹೆಂಗಸರಿಗೆ ಯಾವ ಮನೆಯ ಬಸುರಿಗೆ ಎಷ್ಟನೆಯ ತಿಂಗಳು, ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಎಂಬುದೆಲ್ಲ ಬಾಯಿಪಾಠ. ಮಾಡಿದ ಒಂದೊಂದು ಕೆಲಸವನ್ನೂ ಕಂಪ್ಯೂಟರಿಗೆ ಏರಿಸಿದರೆ ಮಾತ್ರ ಅದರ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಹಗಲಿರುಳು ಕುಳಿತು, ತಿಂಗಳಿಗೆ ನಿಶ್ಚಿತವಾದ ಸಂಬಳ ಬೇಕೆಂದು ಕೇಳಿದ್ದನ್ನು ವಾಚಕರು ಮರೆತಿರಲಾರರು. ಹಾವು ಕಚ್ಚಿ ಮನೆಯಲ್ಲಿ ಸತ್ತವರನ್ನೂ ಬರೆದುಕೊಳ್ಳಿ ಎಂದು ಅವರಿಗೆ ಇನ್ನೊಂದು ಕೆಲಸವನ್ನು ಹೇರುವ ಮೊದಲು, ಅದಕ್ಕೆ ಕೂಲಿಯೆಷ್ಟೆಂದು ಹೇಳುವುದು ಧರ್ಮ.

ಎಣಿಕೆಯಿಂದ ಆರಂಭಿಸುವುದು ಈ ಜಿಲ್ಲೆಗೆ ಹೊಸತೇನೂ ಅಲ್ಲ. 1929ರ ಸುಮಾರಿಗೆ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವನ್ನು ತೆರೆಯಿತು. ನಾಲೆಯ ನೀರಿನೊಡನೆ ಮಲೇರಿಯಾ ಜ್ವರವೂ ಹರಿದು ಬಂದಾಗ ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡಿ, ಗುಲ್ಮ ಊದಿದವರೆಷ್ಟೆಂದು ಎಣಿಸಿದರು. ಯಾವ ಊರಿನಲ್ಲಿ ಸೊಳ್ಳೆಯ ವಿರುದ್ಧ ಕೆಲಸ ಮೊದಲಾಗಬೇಕೆಂದು ತಿಳಿಯಲು ಆ ಕಾಲದಲ್ಲಿ ಇದ್ದ ದಾರಿಗಳಲ್ಲಿ ಅದೂ ಒಂದು.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಹಾವು ಕಚ್ಚಿ ಸತ್ತ ರೈತನ ಮನೆಯವರಿಗೆ ರಾಜ್ಯದ ಕೃಷಿ ಇಲಾಖೆಯು 2 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಕೊಡುವುದು ನ್ಯಾಯವೇ. ಅದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಬೇಕು, ಪಹಣಿ ಬೇಕು. ಪರರ ಗದ್ದೆಯಲ್ಲಿ ಕೂಲಿಗೆ ಹೋಗುವವಳ ಹೆಸರಿನಲ್ಲಿ ಪಹಣಿ ಎಲ್ಲಿಂದ ಬರಬೇಕು? ಒಂದು ಸಾವಿನ ಪರಿಹಾರದ ಹಣದಲ್ಲಿ ಎಷ್ಟು ಕೇಂದ್ರಗಳ ಕಪಾಟಿನಲ್ಲಿ ಹತ್ತು ಹತ್ತು ಸೀಸೆಗಳನ್ನು ಇಡಬಹುದಾಗಿತ್ತೆಂದು ವಾಚಕರೇ ಗುಣಿಸಿ ನೋಡಲಿ.

ತರುಣ ವೈದ್ಯರಿಗೆ ಮಳೆಗಾಲಕ್ಕೆ ಮುನ್ನ ಎರಡು ದಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೈ ಪಳಗಿಸಬೇಕು. ರಾತ್ರಿ ಎಷ್ಟು ಹೊತ್ತಿಗಾದರೂ ಫೋನೆತ್ತಿ "ಕೊಡಿ, ನಾನಿದ್ದೇನೆ" ಎನ್ನುವ ಹಿರಿಯ ವೈದ್ಯರೊಬ್ಬರ ನಂಬರು ಪ್ರತಿ ಕೇಂದ್ರದ ಗೋಡೆಯ ಮೇಲಿರಬೇಕು. ಸಲಹೆ ಕೊಟ್ಟ ಹಿರಿಯರ ಹೆಸರೂ ಚೀಟಿಯ ಮೇಲೆ ಬಂದರೆ ಕಿರಿಯರ ಭಯ ಅರ್ಧ ಇಳಿಯುತ್ತದೆ. ಊರಿನ ಹಿರಿಯರೂ ಆ ಹೊತ್ತಿನಲ್ಲಿ ಗುಂಪನ್ನು ಗೇಟಿನ ಹೊರಗೆ ನಿಲ್ಲಿಸುವ ಹೊಣೆಯನ್ನು ಹೊರಬೇಕು.

ಇನ್ನುಳಿದದ್ದು ಆರೋಗ್ಯ ಇಲಾಖೆಯ ಕೈಯಲ್ಲಿಯೇ ಇಲ್ಲ, ವಿದ್ಯುತ್ ಕಚೇರಿಯ ಕೈಯಲ್ಲಿದೆ. ಪಂಪ್‌ಸೆಟ್ಟುಗಳ ಮಾರ್ಗಗಳಿಗೆ ಸೌರಶಕ್ತಿಯನ್ನು ಜೋಡಿಸಿ ಹಗಲಿನಲ್ಲಿಯೇ ಏಳು ಗಂಟೆ ವಿದ್ಯುತ್ತು ಕೊಡುವ ಯೋಜನೆ ರಾಜ್ಯದಲ್ಲಿ ಸಾಗುತ್ತಿದೆ. ಅದನ್ನು ಕುರಿತ ಸಭೆಗಳಲ್ಲಿ ಮೆಗಾವಾಟ್‌ಗಳ, ಸಹಾಯಧನದ, ವಿದ್ಯುತ್ ನಷ್ಟದ ಲೆಕ್ಕ ನಡೆಯುತ್ತದೆ. ಆ ಸಭೆಗೆ ಜಿಲ್ಲಾ ಆರೋಗ್ಯಾಧಿಕಾರಿಯನ್ನೂ ಕರೆದು, ಯಾವ ಊರಿನ ಮಾರ್ಗಕ್ಕೆ ಮೊದಲು ಹಗಲಿನ ಪಾಳಿ ಬರಬೇಕೆಂದು ಹಾವಿನ ಕಡಿತದ ಪಟ್ಟಿಯನ್ನು ಮುಂದಿಟ್ಟುಕೊಂಡು ಕೇಳಬಹುದು.